ಗಡಿಯಾರ ತಿರುಗಿಸುವ ಮುನ್ನ ತಿಳಿಸುವುದು ಯಾರ ಹೊಣೆ?

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಅಗತ್ಯವೇ ಎಂಬ ಚರ್ಚೆ ಅನೇಕ ರಾಷ್ಟ್ರಗಳಲ್ಲಿ ನಡೆದಿದೆ. ಆದರೆ ಜನರನ್ನು ನಿಜವಾಗಿ ಕಂಗೆಡಿಸುವುದು ಪದ್ಧತಿಯಲ್ಲ. ಜಾರಿಯ ದಿನಾಂಕವನ್ನು ಕೊನೆಯ ಗಳಿಗೆಯಲ್ಲಿ ಬದಲಿಸುವ ಸರ್ಕಾರಗಳ ಆತುರ.

ಲೆಬನಾನ್ ಇದಕ್ಕೆ ಜ್ವಲಂತ ನಿದರ್ಶನ. ಅಲ್ಲಿ 2023ರ ಮಾರ್ಚ್ 25ರ ಮಧ್ಯರಾತ್ರಿ ಗಡಿಯಾರ ಮುಂದೆ ಸರಿಯಬೇಕಿತ್ತು. ಎರಡು ದಿನ ಮೊದಲು ಹಂಗಾಮಿ ಪ್ರಧಾನಿ ನಜೀಬ್ ಮಿಕಾತಿ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿದರು. ಉಪವಾಸ ಬಿಡುವುದು ಸೂರ್ಯಾಸ್ತಕ್ಕೆ. ಗಡಿಯಾರ ಏನೇ ತೋರಿಸಲಿ, ಉಪವಾಸದ ಅವಧಿ ಕಡಿಮೆಯಾಗದು. ಆದರೂ ವಿವಾದ ಮತೀಯ ಬಣ್ಣ ಪಡೆಯಿತು. ಮರೋನೈಟ್ ಚರ್ಚ್ ಆದೇಶವನ್ನು ಧಿಕ್ಕರಿಸಿತು, ಕೆಲವು ಟಿ.ವಿ. ವಾಹಿನಿಗಳೂ ಅದೇ ಹಾದಿ ಹಿಡಿದವು. ಪುಟ್ಟ ದೇಶವೊಂದು ಎರಡು ಸಮಯಗಳಲ್ಲಿ ಬದುಕಿತು. ಮಾರ್ಚ್ 27ರಂದು ಸಚಿವ ಸಂಪುಟ ನಿರ್ಧಾರವನ್ನು ಹಿಂಪಡೆಯಿತು.

ಇದು ಒಂಟಿ ಪ್ರಕರಣವಲ್ಲ. ಟರ್ಕಿಯು 2015ರಲ್ಲಿ, ನವೆಂಬರ್ 1ರ ಚುನಾವಣೆಯ ಕಾರಣಕ್ಕೆ, ಗಡಿಯಾರ ಹಿಂದಿಡುವುದನ್ನು ಎರಡು ವಾರ ಮುಂದೂಡಿತು. ಅನೇಕರ ಮೊಬೈಲ್ ಫೋನುಗಳು ಮಾತ್ರ ಹಳೆಯ ದಿನದಂದೇ ತಾವಾಗಿ ಬದಲಾದವು. ಮೊರಾಕ್ಕೊ 2018ರಲ್ಲಿ ಗಡಿಯಾರ ಹಿಂದಿಡಲು ಎರಡೇ ದಿನ ಇರುವಾಗ, ಬೇಸಿಗೆ ಸಮಯವನ್ನೇ ಮುಂದುವರಿಸಲು ತೀರ್ಮಾನಿಸಿತು.

ಕಂಪ್ಯೂಟರು, ಫೋನುಗಳು ಸಮಯದ ನಿಯಮಗಳನ್ನು ಮೊದಲೇ ಅಳವಡಿಸಿಕೊಂಡಿರುತ್ತವೆ. ಬಹುತೇಕ ಸಾಧನಗಳಿಗೆ ಆಧಾರವಾದ ಅಂತರರಾಷ್ಟ್ರೀಯ ದತ್ತಾಂಶ ಸಂಗ್ರಹವನ್ನು ಸ್ವಯಂಸೇವಕರು ನಿರ್ವಹಿಸುತ್ತಾರೆ. ಅವರು ತಿದ್ದುಪಡಿ ಹೊರಡಿಸಿದರೂ ಅದು ಪ್ರತಿ ಸಾಧನವನ್ನು ತಲುಪಲು ಕಾಲಾವಕಾಶ ಬೇಕು. ಸರ್ಕಾರದ ಆದೇಶ ಒಂದೇ ದಿನದಲ್ಲಿ ಹೊರಬೀಳಬಹುದು. ಅಷ್ಟೇ ವೇಗವಾಗಿ ಅದು ಎಲ್ಲರ ಜೇಬಿನ ಫೋನಿಗೆ ಇಳಿಯದು.

ಅಮೆರಿಕದ ಉದಾಹರಣೆ ಭಿನ್ನವಾಗಿದೆ. ಅಲ್ಲಿ 2005ರಲ್ಲಿ ಅಂಗೀಕಾರವಾದ ಕಾನೂನು 2007ರಲ್ಲಿ ಜಾರಿಗೆ ಬಂದಿತು. ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಯೂರೋಪ್ ಒಕ್ಕೂಟದಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳು ನಿಗದಿಯಾಗಿವೆ. ಈ ವ್ಯತ್ಯಾಸದಿಂದ ವರ್ಷದಲ್ಲಿ ಕೆಲವು ವಾರ ನ್ಯೂಯಾರ್ಕ್-ಲಂಡನ್ ಅಂತರ ಐದು ಗಂಟೆಯ ಬದಲು ನಾಲ್ಕಾಗುತ್ತದೆ. ಆ ಕಚೇರಿಗಳೊಂದಿಗೆ ವ್ಯವಹರಿಸುವ ಬೆಂಗಳೂರಿನ ಉದ್ಯೋಗಿಗಳಿಗೆ ಇದು ಕಿರಿಕಿರಿಯೇ ಹೌದು. ಆದರೆ ದಿನಾಂಕ ಮೊದಲೇ ತಿಳಿದಿರುವುದರಿಂದ ಪಾಳಿಯನ್ನು ಹೊಂದಿಸಿಕೊಳ್ಳಬಹುದು.

ಪದ್ಧತಿ ಉಳಿಸುವುದೂ ಕೈಬಿಡುವುದೂ ಆಯಾ ದೇಶದ ಹಕ್ಕು. ಆದರೆ ಕನಿಷ್ಠ ಕೆಲವು ತಿಂಗಳ ಮುನ್ಸೂಚನೆಯಿಲ್ಲದೆ ದಿನಾಂಕ ಬದಲಿಸಲಾಗದಂತೆ ಕಾನೂನೇ ನಿರ್ಬಂಧಿಸುವುದು ಒಳಿತು.