ಲೆಕ್ಕ ಬರುವುದಿಲ್ಲ ಎಂಬ ಜಂಬ

ಸಾಹಿತ್ಯದ ಸಭೆಗಳಲ್ಲಿ ಖಾತ್ರಿಯಾಗಿ ನಗೆ ಹುಟ್ಟಿಸುವ ಒಂದು ಮಾತಿದೆ: ‘ನನಗೂ ಲೆಕ್ಕಕ್ಕೂ ಎಣ್ಣೆ-ಸೀಗೆಕಾಯಿ.’ ಹೇಳುವವರ ಮುಖದಲ್ಲಿ ಸಂಕೋಚ ಕಾಣುವುದಿಲ್ಲ, ಸಣ್ಣ ಜಂಬವೇ ಕಾಣುತ್ತದೆ. ಲೆಕ್ಕ ಬಾರದಿರುವುದು ಸೂಕ್ಷ್ಮ ಮನಸ್ಸಿನ ಲಕ್ಷಣ ಎನ್ನುವ ಹಾಗೆ. ‘ನನಗೂ ಓದಿಗೂ ಆಗಿಬರುವುದಿಲ್ಲ’ ಎಂದು ಯಾವ ಗಣಿತದ ಮೇಷ್ಟ್ರೂ ವೇದಿಕೆ ಹತ್ತಿ ಹೆಮ್ಮೆಪಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಈ ಜಂಬವನ್ನು ತಮಾಷೆ ಎಂದು ಬಿಟ್ಟುಬಿಡುವಂತಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಕೂತ ಪಿಯುಸಿ ಹುಡುಗಿ ಅದನ್ನು ಕೇಳಿಸಿಕೊಳ್ಳುತ್ತಾಳೆ. ಕತೆ, ಕವಿತೆ ಬೇಕಾದರೆ ಗಣಿತವನ್ನು ಬಿಟ್ಟುಕೊಡಬೇಕು ಎಂದು ತಿಳಿಯುತ್ತಾಳೆ. ಯಾರೂ ಹಾಕದ ಗೋಡೆಯನ್ನು ಅವಳ ಮುಂದೆ ನಾವು ಎಬ್ಬಿಸಿದಂತಾಯಿತು.

ನಾವು ಒಗಟುಗಳನ್ನು ಪ್ರೀತಿಸುವ ಜನ. ಉತ್ತರ ತಿಳಿದ ಮೇಲೆ ಒಗಟಿನ ಮಾತುಗಳಿಗೆ ಮತ್ತೆ ಹಿಂತಿರುಗಿ, ‘ಓಹೋ, ಅದಕ್ಕೇ ಹಾಗೆ ಹೇಳಿದ್ದು’ ಅನ್ನುತ್ತೇವಲ್ಲ, ಒಗಟಿನ ಸುಖವೆಲ್ಲ ಆ ‘ಅದಕ್ಕೇ’ಯಲ್ಲಿದೆ. ಗಣಿತದ ಚಮತ್ಕಾರಗಳ ಸುಖವೂ ಅಲ್ಲೇ ಇದೆ. ನಂಬಿಕೆಯಾಗದಿದ್ದರೆ ಒಂದು ಕಾಗದ ತೆಗೆದುಕೊಳ್ಳಿ.

ಮೂರಂಕಿಯ ಒಂದು ಸಂಖ್ಯೆ ಬರೆಯಿರಿ. ಮೊದಲ ಅಂಕಿಗೂ ಕೊನೆಯ ಅಂಕಿಗೂ ಕನಿಷ್ಠ ಎರಡರ ವ್ಯತ್ಯಾಸವಿರಲಿ. 732 ಎಂದಿಟ್ಟುಕೊಳ್ಳೋಣ. ತಿರುಗಿಸಿ ಬರೆದರೆ 237. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 495. ಇದನ್ನೂ ತಿರುಗಿಸಿದರೆ 594. ಎರಡನ್ನೂ ಕೂಡಿಸಿ: 1089. ಈಗ ನಿಮಗೆ ಬೇಕಾದ ಬೇರೆ ಸಂಖ್ಯೆಯಿಂದ ಹೊರಡಿ. ಆಗಲೂ 1089ಕ್ಕೇ ಬಂದು ನಿಲ್ಲುತ್ತೀರಿ.

ಬಹುತೇಕರು ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ನನ್ನ ತಕರಾರು ಇರುವುದೇ ಈ ಎದ್ದುಹೋಗುವುದರ ಬಗ್ಗೆ. ಇಷ್ಟೇ ಆದರೆ ಅದು ಜಾತ್ರೆಯ ಮೋಡಿ. ಇನ್ನೆರಡು ನಿಮಿಷ ಕೂತರೆ ಒಳಗಿನದು ಕಾಣುತ್ತದೆ. ಸಂಖ್ಯೆಯನ್ನು ತಿರುಗಿಸಿದಾಗ ನಡುವಿನ ಅಂಕಿ ಕದಲುವುದಿಲ್ಲ, ಹಾಗಾಗಿ ಕಳೆಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ತುದಿಯ ಅಂಕಿಗಳು ಮಾತ್ರ ನೂರರ ಮನೆಗೂ ಬಿಡಿಯ ಮನೆಗೂ ಅದಲುಬದಲಾಗುತ್ತವೆ. ನೂರಕ್ಕೂ ಒಂದಕ್ಕೂ ಇರುವ ಅಂತರ 99. ಆದ್ದರಿಂದ ಉಳಿಯುವುದು ಯಾವಾಗಲೂ 99ರ ಮಗ್ಗಿಯಲ್ಲಿನ ಒಂದು ಸಂಖ್ಯೆ: 198, 297, 396, ಹೀಗೆ 891ರವರೆಗೆ. ಅವನ್ನು ಒಂದರ ಕೆಳಗೊಂದು ಬರೆದು ನೋಡಿ. ಎಲ್ಲದರ ನಡುವೆಯೂ 9. ಎಲ್ಲದರ ತುದಿಗಳನ್ನು ಕೂಡಿಸಿದರೂ 9. ಹಾಗಾದರೆ ತಿರುಗಿಸಿ ಕೂಡಿಸಿದಾಗ ನೂರರ ಮನೆಯಲ್ಲಿ 9, ಹತ್ತರ ಮನೆಯಲ್ಲಿ 18, ಬಿಡಿಯ ಮನೆಯಲ್ಲಿ 9. ಅಂದರೆ 900, 180 ಮತ್ತು 9. ಅದಕ್ಕೇ 1089!

ಈ ‘ಅದಕ್ಕೇ’ಯನ್ನು ಕದಿಯುವವರಲ್ಲಿ ಎರಡು ಪಂಗಡ. ಒಂದು, ಗಣಿತವನ್ನು ಮುಟ್ಟದೆಯೇ ದೂರವಿಡುವ ನಾವು. ಇನ್ನೊಂದು, ‘ಹತ್ತು ಸೆಕೆಂಡಿನಲ್ಲಿ ಉತ್ತರ’ ಎಂದು ಶಾರ್ಟ್‌ಕಟ್ ಮಾರುವವರು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಸಮಯ ಉಳಿಸಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಕಾರಣ ಹೇಳದ ಶಾರ್ಟ್‌ಕಟ್ ಕೀಲಿಯಿಲ್ಲದ ಬೀಗದ ಹಾಗೆ, ಕೈಯಲ್ಲಿದ್ದರೂ ಏನನ್ನೂ ತೆರೆಯಲಾಗುವುದಿಲ್ಲ. ಪ್ರಶ್ನೆ ಒಂದಿಷ್ಟು ಮಗ್ಗುಲು ಬದಲಿಸಿದರೆ ಆ ಹುಡುಗ ಅಲ್ಲಿಯೇ ಸಿಕ್ಕಿಬೀಳುತ್ತಾನೆ.

ಮೊಬೈಲುಗಳಲ್ಲಿ ಹರಿದಾಡುವ ‘ಜಾಣರಿಗೆ ಮಾತ್ರ’ ಬಗೆಯ ಸವಾಲುಗಳದ್ದು ಇನ್ನೊಂದು ಕತೆ. 2019ರಲ್ಲಿ 8÷2(2+2) ಎಷ್ಟು ಎಂದು ಜಗತ್ತೇ ಜಗಳಕ್ಕೆ ಬಿತ್ತು. 16 ಎಂದು ಕೆಲವರು, 1 ಎಂದು ಕೆಲವರು. ಅಲ್ಲಿ ಗಣಿತ ಇದ್ದದ್ದೇ ಕಡಿಮೆ. ಅದು ಎರಡು ಅರ್ಥ ಬರುವಂತೆ ಕೆಟ್ಟದಾಗಿ ಬರೆದ ಒಂದು ವಾಕ್ಯ. ಇನ್ನೊಂದು ಆವರಣ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. ವಾಕ್ಯದ ದೋಷ ಕಂಡುಹಿಡಿಯುವುದು ಭಾಷೆ ಬಲ್ಲವರ ಕೆಲಸ. ಆದರೆ ಅಂಕಿ ಕಂಡ ಕೂಡಲೇ ನಾವು ಕಣ್ಣು ಮುಚ್ಚಿಕೊಂಡಿದ್ದೆವು.

‘ನಮ್ಮ ಪರಂಪರೆ ಬೇರೆ’ ಎನ್ನುವವರಿಗೆ ಮಾನ್ಯಖೇಟವನ್ನು ನೆನಪಿಸಬೇಕು. ಕನ್ನಡದ ಮೊದಲ ಲಭ್ಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದೇ ದೊರೆಯನ್ನು ಹೊಗಳುತ್ತಾ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರ ಕಲಿಸುವಾಗ ಆತ ಆರಿಸಿಕೊಂಡ ಸಂಖ್ಯೆಗಳನ್ನು ನೋಡಿ: 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವನ್ನು ಆತ ಕೊರಳಹಾರಕ್ಕೆ ಹೋಲಿಸುತ್ತಾನೆ. ಸುಮ್ಮನೆ ಲೆಕ್ಕ ಕಲಿಸುವವನಿಗೆ ಈ ಅಲಂಕಾರ ಯಾಕೆ ಬೇಕಿತ್ತು? ಮೂರು ಶತಮಾನಗಳ ನಂತರ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಪದ್ಯದೊಳಗೆ ದುಂಬಿಗಳು ಹಾರುತ್ತವೆ, ನವಿಲು ಹಾವಿನ ಮೇಲೆರಗುತ್ತದೆ. ಲೆಕ್ಕಕ್ಕೂ ಕಾವ್ಯಕ್ಕೂ ಎಣ್ಣೆ-ಸೀಗೆಕಾಯಿ ಆಗಿದ್ದು ತೀರಾ ಈಚೆಗೆ.

‘ಅದಕ್ಕೆಲ್ಲ ಬೇರೆಯೇ ತಲೆ ಬೇಕು’ ಎಂಬುದು ಕೊನೆಯ ನೆಪ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಕಾಲು ಶತಮಾನ ಗಣಿತ ವಿನೋದದ ಅಂಕಣ ಬರೆದ ಮಾರ್ಟಿನ್ ಗಾರ್ಡ್ನರ್ ಓದಿದ್ದು ತತ್ವಶಾಸ್ತ್ರ. ಗಣಿತದ ಪದವಿ ಆತನಿಗಿರಲಿಲ್ಲ. ಅದೇ ಗಾರ್ಡ್ನರ್ ‘ಆಲಿಸ್’ ಕತೆಗಳಿಗೆ ಟಿಪ್ಪಣಿ ಬರೆದು ಸಾಹಿತ್ಯದ ಓದುಗರಿಗೂ ಬೇಕಾದವರಾದರು. ತಮ್ಮ ಅಂಕಣದಲ್ಲಿ 1975ರಲ್ಲಿ ಅವರು ಪರಿಚಯಿಸಿದ ಡಿ.ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ಹಿಡಿಯಿರಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯ ಜೋಡಣೆಯನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡುತ್ತಾ ಹೋಗಿ, ಸೊನ್ನೆ ಬಂದರೆ ಅದನ್ನೂ ಒಂದು ಅಂಕಿಯಾಗಿ ಉಳಿಸಿಕೊಳ್ಳಿ. ಏಳು ಸಲದೊಳಗೆ 6174 ಬರುತ್ತದೆ, ಆಮೇಲೆ ಅದು ಬದಲಾಗುವುದಿಲ್ಲ. ಇದನ್ನು ಕಾಣಲು ಆ ಮೇಷ್ಟ್ರಿಗೆ ಬೇಕಾಗಿದ್ದು ಕಾಗದ, ಪೆನ್ಸಿಲ್ಲು, ಬಿಡದ ಕುತೂಹಲ.

ಪದ್ಯವೊಂದು ಮೊದಲ ಓದಿಗೆ ಅರ್ಥವಾಗದಿದ್ದರೆ ನಾವು ಪುಸ್ತಕ ಮುಚ್ಚುವುದಿಲ್ಲ, ಮತ್ತೊಮ್ಮೆ ಓದುತ್ತೇವೆ. ಆ ತಾಳ್ಮೆಯಲ್ಲಿ ಅರ್ಧದಷ್ಟನ್ನಾದರೂ ಒಂದು ಲೆಕ್ಕಕ್ಕೆ ಕೊಡಿ. ಮುಂದಿನ ಸಲ ವೇದಿಕೆಯಿಂದ ‘ನನಗೆ ಲೆಕ್ಕ ಬರುವುದಿಲ್ಲ’ ಎಂಬ ಮಾತು ಬಂದಾಗ ದಯವಿಟ್ಟು ನಗಬೇಡಿ.