ಯಂತ್ರದ ಉತ್ತರ, ಮಕ್ಕಳ ಅರಿವು

ನೆಲಮಂಗಲ ಹಾಗೂ ಸುತ್ತಲಿನ ಗ್ರಾಮಗಳಿಂದ ಪ್ರತಿದಿನ ಮುಂಜಾನೆ ಅನೇಕ ವಿದ್ಯಾರ್ಥಿಗಳು ಬೆಂಗಳೂರಿನ ಕಾಲೇಜುಗಳತ್ತ ಹೊರಡುತ್ತಾರೆ. 2024ರ ನವೆಂಬರ್‌ನಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದ ಮೇಲೆ ಈ ಪಯಣ ತುಸು ಸುಗಮವಾಗಿದೆ. ಮಗ ಅಥವಾ ಮಗಳು ತಂತ್ರಾಂಶ ಎಂಜಿನಿಯರ್ ಆಗಲೆಂಬ ಆಸೆಯಿಂದ, ಕಾರ್ಖಾನೆಯಲ್ಲಿ ದುಡಿಯುವ ತಂದೆ ಸಾಲ ಮಾಡಿಯಾದರೂ ಶುಲ್ಕ ಕಟ್ಟುತ್ತಾನೆ. ತಾಯಿ ತನ್ನ ಒಡವೆಯನ್ನು ಅಡವಿಡುತ್ತಾಳೆ. ಇಷ್ಟು ತ್ಯಾಗದ ಫಲವಾಗಿ ಮನೆಗೆ ಬರಬೇಕಾದುದು ಬರಿಯ ಪ್ರಮಾಣಪತ್ರವಲ್ಲ, ವಿದ್ಯೆ. ಆದುದರಿಂದ ಆ ವಿದ್ಯೆಯನ್ನು ಮಕ್ಕಳು ಇಂದು ಹೇಗೆ ಗಳಿಸುತ್ತಿದ್ದಾರೆಂಬುದು ಪ್ರತಿ ಕುಟುಂಬವೂ ವಿಚಾರಿಸಬೇಕಾದ ಸಂಗತಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ನಂತರ ಕೃತಕ ಬುದ್ಧಿಮತ್ತೆಯ ಸಾಧನಗಳು ವಿದ್ಯಾರ್ಥಿಯ ಕೈಯಲ್ಲಿನ ಮೊಬೈಲಿಗೇ ಬಂದಿವೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಅವು ಪ್ರೋಗ್ರಾಮನ್ನು ಬರೆದುಕೊಡುತ್ತವೆ. ಇದರಲ್ಲಿ ಒಳಿತಿಲ್ಲವೆನ್ನಲಾಗದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಲು ಅಂಜುವ ಪ್ರಶ್ನೆಯನ್ನು ರಾತ್ರಿ ಹನ್ನೊಂದಕ್ಕೆ, ತನ್ನದೇ ನುಡಿಯಲ್ಲಿ, ಹತ್ತು ಬಾರಿ ಕೇಳಬಹುದು. ಯಂತ್ರ ಬೇಸರಿಸದು, ಹೀಯಾಳಿಸದು. ಮನೆಪಾಠಕ್ಕೆ ಹಣವಿಲ್ಲದ ಮನೆಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಇದೇ ಸಾಧನ ಕಲಿಕೆಯ ಬಾಗಿಲನ್ನು ಮುಚ್ಚಲೂ ಬಲ್ಲದು. ನಾಲ್ವರು ಸೇರಿ ಮಾಡಬೇಕಾದ ಪ್ರಾಜೆಕ್ಟನ್ನು ಒಬ್ಬನು ಯಂತ್ರದಿಂದ ಬರೆಸುತ್ತಾನೆ. ಉಳಿದ ಮೂವರು ಹೆಸರು ಸೇರಿಸುತ್ತಾರೆ. ಮೌಖಿಕ ಪರೀಕ್ಷೆಯ ದಿನ 'ಈ ಸಾಲು ಏಕೆ ಬೇಕು?' ಎಂದು ಅಧ್ಯಾಪಕರು ಕೇಳಿದರೆ ನಾಲ್ವರೂ ಮೌನ. ತಾನು ಮಾಡದ ಕೆಲಸಕ್ಕೆ ತನ್ನ ಹೆಸರಿಡುವುದು ಸುಳ್ಳು ಸಾಕ್ಷಿಯೇ ಅಲ್ಲವೇ? ದೇವರ ಎಂಟನೆಯ ಕಟ್ಟಳೆ ನ್ಯಾಯಾಲಯಕ್ಕೆ ಮಾತ್ರ ಮೀಸಲಾದುದಲ್ಲ.

ಒಂದು ಉದಾಹರಣೆಯನ್ನು ಊಹಿಸೋಣ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ವಿದ್ಯಾರ್ಥಿಗಳು ಲೆಕ್ಕದ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಾರೆ. ಲೀಟರ್, ಜಿಡ್ಡಿನಂಶ, ದರ ಎಲ್ಲವನ್ನೂ ಸೇರಿಸಿ ಯಂತ್ರ ಕ್ಷಣದಲ್ಲಿ ಕೋಡ್ ಬರೆದುಕೊಡುತ್ತದೆ. ಆದರೆ ರೈತ ದಿನಕ್ಕೆ ಎರಡು ಸಲ ಹಾಲು ಹಾಕುತ್ತಾನೆಂಬುದನ್ನು ಯಾರೂ ಅದಕ್ಕೆ ಹೇಳಿಲ್ಲ. ದಿನಕ್ಕೊಂದೇ ದಾಖಲೆಯೆಂದು ಎಣಿಸಿ, ಸಂಜೆಯ ಲೆಕ್ಕ ಬರೆದೊಡನೆ ಬೆಳಗಿನದನ್ನು ಅದು ಅಳಿಸಿಹಾಕಿದರೆ, ಬಟವಾಡೆಯ ದಿನ ನಷ್ಟವಾಗುವುದು ಬಡ ರೈತನಿಗೆ. ಈ ಸಾಧನಗಳು ಹಿಂದೆ ಬರೆದ ಅಪಾರ ಬರಹಗಳಿಂದ ಕಲಿತು, ಮುಂದೆ ಯಾವ ಪದ ಬರುವ ಸಂಭವವಿದೆಯೆಂದು ಎಣಿಸಿ ಉತ್ತರ ಕಟ್ಟುತ್ತವೆ. ಆದುದರಿಂದ ತಪ್ಪನ್ನೂ ಅದೇ ಧೈರ್ಯದಿಂದ ಹೇಳುತ್ತವೆ. ಬೆಳಿಗ್ಗೆ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತ ಅನುಭವ ಅವುಗಳಿಗಿಲ್ಲ.

ತಂಡದ ಮಹತ್ವ ಇಲ್ಲಿ ತಿಳಿಯುತ್ತದೆ. ಡೇರಿಯ ರೀತಿ ಬಲ್ಲ ರೈತನ ಮಗಳು, ಲೆಕ್ಕದಲ್ಲಿ ನಿಪುಣನಾದವನು, ಕೋಡ್ ಬರೆಯುವವನು, ಬರೆದುದನ್ನು ಅನುಮಾನದಿಂದ ಪರೀಕ್ಷಿಸುವವಳು, ಇವರು ಕೂಡಿದಾಗ ಮಾತ್ರ ಆ ತಪ್ಪು ಹೊರಬೀಳುತ್ತದೆ. ಪ್ರಭು ಯೇಸು ಶಿಷ್ಯರನ್ನು ಒಬ್ಬೊಬ್ಬರಾಗಿ ಅಲ್ಲ, ಇಬ್ಬಿಬ್ಬರನ್ನಾಗಿ ಕಳುಹಿಸಿದರು. ದೇಹದ ಅಂಗಗಳು ಅನೇಕವಾದರೂ ಒಂದಕ್ಕೊಂದು ಬೇಕೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಸ್ಪರ್ಧೆಯಲ್ಲಿಯೂ ಆರು ಮಂದಿಯ ತಂಡ, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕೆಂಬ ನಿಯಮವಿದೆ.

2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ಪ್ರಕಟಣೆ ಈ ಸಾಧನಗಳನ್ನು ತಿರಸ್ಕರಿಸಿಲ್ಲ. ಉತ್ತರವನ್ನು ತಾವೇ ಹುಡುಕುವಂತೆ ಪ್ರೇರೇಪಿಸುವ ಬದಲು ಸಿದ್ಧ ಉತ್ತರವನ್ನೇ ಕೊಟ್ಟರೆ ವಿದ್ಯಾರ್ಥಿಗಳ ವಿವೇಚನಾಶಕ್ತಿ ಬೆಳೆಯದೆಂದು ಅದು ಎಚ್ಚರಿಸಿದೆ. ಅದೇ ವರ್ಷ ಸೆಪ್ಟೆಂಬರ್ 7ರಂದು ವಿಶ್ವಗುರು ಹದಿನಾಲ್ಕನೆಯ ಲಿಯೋ ಅವರು ಸಂತಪದವಿಗೇರಿಸಿದ ಕಾರ್ಲೊ ಅಕುಟಿಸ್ ಎಂಬ ಬಾಲಕ ಗಣಕಯಂತ್ರದ ವಿದ್ಯೆಯನ್ನು ಪುಸ್ತಕಗಳಿಂದ ತಾನೇ ಕಲಿತವನು. ಪರಮಪ್ರಸಾದದ ಪವಾಡಗಳ ಮಾಹಿತಿಯನ್ನು ಸಂಗ್ರಹಿಸಿ ಲೋಕಕ್ಕೆ ತಲುಪಿಸಿ, 2006ರಲ್ಲಿ ಹದಿನೈದರ ಹರೆಯದಲ್ಲೇ ತೀರಿಕೊಂಡವನು. ಅವನಿಗೆ ಯಂತ್ರ ಸೇವಕನಾಗಿತ್ತು, ಒಡೆಯನಾಗಿರಲಿಲ್ಲ.

ಹೆತ್ತವರಿಗೆ ಗಣಕಯಂತ್ರ ತಿಳಿಯದಿದ್ದರೂ ಚಿಂತೆಯಿಲ್ಲ. ಸಂಜೆಯ ಜಪಸರ ಮುಗಿದ ಮೇಲೆ 'ಇಂದು ನೀನು ಮಾಡಿದ್ದನ್ನು ನನಗೆ ಅರ್ಥವಾಗುವಂತೆ ಹೇಳು ಮಗು' ಎಂದು ಕೇಳಿದರೆ ಸಾಕು. ಹೇಳಬಲ್ಲದಾದರೆ ಮಗು ಕಲಿತಿದೆ. ತಡವರಿಸಿದರೆ ಗದರದೆ, ಮತ್ತೆ ಕುಳಿತು ಕಲಿಯಲು ಬಿಡಬೇಕು. ವಿದ್ಯಾರ್ಥಿಗಳೂ ಒಂದು ನಿಯಮವನ್ನು ಹಾಕಿಕೊಳ್ಳಲಿ: ಮೊದಲು ಸ್ವಂತ ಪ್ರಯತ್ನ, ಬಳಿಕ ಗೆಳೆಯರು, ಆಮೇಲೆ ಯಂತ್ರ, ತಂಡದ ಪ್ರತಿಯೊಬ್ಬರೂ ಮತ್ತೊಬ್ಬರ ಪಾಲನ್ನು ವಿವರಿಸಬಲ್ಲವರಾಗುವ ತನಕ ಕೆಲಸ ಮುಗಿದಂತಲ್ಲ. ವಾರದ ದಿನಗಳಲ್ಲಿ ಬೀಗ ಹಾಕಿರುವ ಧರ್ಮೋಪದೇಶದ ಕೊಠಡಿಯನ್ನು ವಿಚಾರಣಾ ಗುರುಗಳು ಇಂಥ ಮಕ್ಕಳಿಗೆ ಸಂಜೆ ತೆರೆದುಕೊಟ್ಟರೆ, ಜಾತಿಮತದ ಭೇದವಿಲ್ಲದೆ ಊರ ಮಕ್ಕಳೆಲ್ಲ ಅಲ್ಲಿ ಕೂಡಿ ಕಲಿಯಬಹುದು.

ಒಡೆಯನು ಕೊಟ್ಟ ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಕಥೆಯನ್ನು ನಾವೆಲ್ಲ ಬಲ್ಲೆವು. ದೇವರಿತ್ತ ಬುದ್ಧಿಯನ್ನು ಯಂತ್ರದಡಿ ಹೂತಿಟ್ಟರೂ ಲೆಕ್ಕ ಒಪ್ಪಿಸುವ ದಿನ ತಪ್ಪದು.