ಹೊಗೆಯ ರುಚಿಗೆ ಅಂಕ ಕೊಡುವ ಮುನ್ನ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಬಂಧುಗಳ ಮನೆಯೊಂದರಲ್ಲಿ ಮಗುವಿನ ಜ್ಞಾನಸ್ನಾನದ ಔತಣವಿತ್ತು. ಊಟ ಮುಗಿದ ಮೇಲೆ, ಕೊಲ್ಲಿ ದೇಶದಿಂದ ರಜೆಯಲ್ಲಿ ಬಂದಿದ್ದ ನಮ್ಮ ಸೋದರಳಿಯ ಒಂದು ಮರದ ಪೆಟ್ಟಿಗೆಯನ್ನು ಜಗಲಿಗೆ ತಂದ. ಅದರೊಳಗೆ ಸಾಲಾಗಿ ಮಲಗಿಸಿದ ಸಿಗಾರ್‌ಗಳು. ಜೊತೆಗೊಂದು ದಪ್ಪ ನೋಟುಪುಸ್ತಕ. ತಾನು ಈ ತನಕ ಸೇದಿ ನೋಡಿದ ಪ್ರತಿಯೊಂದು ಸಿಗಾರ್‌ನ ಹೆಸರು, ದೇಶ, ಗಾತ್ರ, ಬೂದಿಯ ಬಣ್ಣ, ನಾಲಿಗೆಗೆ ಸಿಕ್ಕ ರುಚಿಗಳು, ಕೊನೆಗೆ ನೂರಕ್ಕೆ ಇಷ್ಟೆಂಬ ಅಂಕ, ಎಲ್ಲವನ್ನೂ ಆತ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ. “ಮಾವ, ಇದು ಚಟವಲ್ಲ, ಹವ್ಯಾಸ” ಎಂದ. ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿ ಮೂವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಅವರು ಒಂದು ಸಿಗಾರನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ ಕೇಳಿದರು: “ಚೆನ್ನಾಗಿ ಸುತ್ತಿದ್ದಾರೆ. ಸಾವಿರಕ್ಕೆ ಎಷ್ಟು ಕೊಡುತ್ತಾರಂತೆ, ಮಗಾ?” ಅಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ.

ಅಳಿಯನ ಮಾತು, ಅಜ್ಜಿಯ ಪ್ರಶ್ನೆ ಎರಡೂ ನಮ್ಮನ್ನು ಅಂದಿನಿಂದ ಕಾಡುತ್ತಿವೆ. ದುಬಾರಿ ಸಿಗಾರ್‌ಗಳನ್ನು ಸವಿದು ಬೆಲೆಗಟ್ಟುವ ಈ ಹವ್ಯಾಸ ಈಗ ನಮ್ಮ ಕುಟುಂಬಗಳ ಜಗಲಿಗೂ ಬಂದಿರುವುದರಿಂದ, ಅದರ ಗುಣದೋಷಗಳನ್ನು ಸಮಚಿತ್ತದಿಂದ ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಹವ್ಯಾಸಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಸಿಗಾರ್ ಸವಿಯುವುದು ಸಿಗರೇಟು ಸೇದಿದಂತಲ್ಲ. ಅದರ ದಪ್ಪವನ್ನು ಇಂಚಿನ 64ರಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. 50 ಎಂದರೆ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು. ಅದನ್ನು ಕಾಪಿಡುವ ಪೆಟ್ಟಿಗೆಯೊಳಗೆ ತೇವಾಂಶ ಶೇಕಡಾ 70ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಎಲೆ ಒಡೆಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಆ ಪೆಟ್ಟಿಗೆಯ ಒಳಮೈಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ಹೆಸರಿಗೆ ಮಾತ್ರ ಸೀಡರ್, ವಾಸ್ತವದಲ್ಲಿ ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ಸವಿಯುವವನು ಮೊದಲು ಹೊರ ಎಲೆಯ ನರ, ಹೊಳಪು, ಬಿಗಿಗಳನ್ನು ಪರೀಕ್ಷಿಸುತ್ತಾನೆ. ತುದಿ ಕತ್ತರಿಸಿ, ಬೆಂಕಿ ಹಚ್ಚುವ ಮೊದಲೇ ಒಮ್ಮೆ ಗಾಳಿ ಎಳೆದು ನೋಡುತ್ತಾನೆ. ಬಳಿಕ ನಿಮಿಷಕ್ಕೊಂದರಂತೆ ನಿಧಾನವಾಗಿ ಹೊಗೆ ಎಳೆದು, ಎದೆಗಿಳಿಸದೆ, ಬಾಯಲ್ಲಾಡಿಸಿ ಬಿಡುತ್ತಾನೆ. ಕಾಫಿ, ಕೋಕೋ, ಕರಿಮೆಣಸು, ತೊಗಲು, ಒದ್ದೆ ಮಣ್ಣು ಹೀಗೆ ರುಚಿಗಳನ್ನು ಹೆಸರಿಸುತ್ತಾನೆ. ಮೊದಲ ಮೂರನೆಯ ಭಾಗ, ನಡು, ಕೊನೆ ಎಂದು ವಿಂಗಡಿಸಿ, ರುಚಿ ಹೇಗೆ ಬದಲಾಯಿತೆಂದು ಬರೆದಿಡುತ್ತಾನೆ. ಹೆಸರಿನ ಮೋಹ ತೀರ್ಪನ್ನು ಕೆಡಿಸಬಾರದೆಂದು ಪಟ್ಟಿಯನ್ನು ತೆಗೆದು ಪರೀಕ್ಷಿಸುವ ಪ್ರಾಮಾಣಿಕರೂ ಉಂಟು. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ‘ಸಿಗಾರ್ ಅಫಿಷಿಯೊನಾಡೊ’ ಪತ್ರಿಕೆ ನೂರು ಅಂಕಗಳ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ನಾವೂ ಅಂದು ಒಂದನ್ನು ಹಚ್ಚಿದೆವು ಎಂಬುದನ್ನು ಓದುಗರಿಂದ ಮುಚ್ಚಿಡಲಾರೆವು. ಕರಿಮೆಣಸಿನ ಖಾರ, ಹುರಿದ ಕಾಫಿಯ ಘಮ ನಮಗೂ ಸಿಕ್ಕಿತು. ಒಂದು ಗಂಟೆಯ ಕಾಲ ಅವಸರವಿಲ್ಲದೆ ಕುಳಿತು ಮಾತನಾಡಿದೆವು. ಆ ಸಂತೋಷ ಸುಳ್ಳಲ್ಲ. ಮರುದಿನ ಬೆಳಗಿನ ಬಲಿಪೂಜೆಯ ಹೊತ್ತಿಗೂ ಬಾಯಿಯ ಕಹಿ ಹೋಗಿರಲಿಲ್ಲ ಎಂಬುದೂ ಸುಳ್ಳಲ್ಲ.

ಅಜ್ಜಿ ಮೆಚ್ಚಿದ ಕೈಗೆಲಸವಂತೂ ಮೆಚ್ಚತಕ್ಕದ್ದೇ. ಕ್ಯೂಬಾ ದೇಶದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಸೀಮೆಯ ತಂಬಾಕು ಜಗತ್ಪ್ರಸಿದ್ಧ. ಹೊರಮೈಗೆ ಬೇಕಾದ ನಯವಾದ ಎಲೆಯನ್ನು ಬಿಸಿಲು ತಾಗದಂತೆ ಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ. ಕೊಯ್ದ ಎಲೆಯನ್ನು ಕೊಟ್ಟಿಗೆಯಲ್ಲಿ ಒಣಗಿಸಿ, ರಾಶಿ ಹಾಕಿ ಹುದುಗು ಬರಿಸಿ, ವರ್ಷಗಟ್ಟಲೆ ಹಳೆಯದಾಗಿಸುತ್ತಾರೆ. ಒಳಗಿನ ತಿರುಳಿಗೆ ಗಿಡದ ಬೇರೆಬೇರೆ ಎತ್ತರದ ಎಲೆಗಳನ್ನು ಬೆರೆಸುತ್ತಾರೆ. ಮೇಲ್ತುದಿಯದ್ದಕ್ಕೆ ಕಾವು ಹೆಚ್ಚು, ಕೆಳಗಿನದು ಚೆನ್ನಾಗಿ ಉರಿಯುತ್ತದೆ. ಇವನ್ನು ಒಂದು ಹಿಡಿಕಟ್ಟು ಎಲೆಯಿಂದ ಬಿಗಿದು, ಮೇಲೆ ಹೊರ ಎಲೆಯನ್ನು ಸುತ್ತಿ ಅಂಟಿಸುತ್ತಾರೆ. ನುರಿತವರು ದಿನಕ್ಕೆ ಸುತ್ತುವುದು ನೂರರ ಆಸುಪಾಸು.

ಹವಾನಾ ನಗರದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಂದು ಸುಂದರ ಪದ್ಧತಿ ಬೆಳೆದುಬಂದಿದೆ. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬ ವಾಚಕ ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದುತ್ತಾನೆ. ಆರಂಭದ ದಶಕಗಳಲ್ಲಿ ಅವನ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. 1935ರಲ್ಲಿ ಹುಟ್ಟಿದ ‘ಮಾಂಟೆಕ್ರಿಸ್ಟೊ’ ಸಿಗಾರ್‌ನ ಹೆಸರು, ಹೀಗೆ ಓದಿ ಕೇಳಿಸಿದ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ ಬಂದದ್ದೆಂದು ಹೇಳುತ್ತಾರೆ. ಗೆರಸೆಯನ್ನು ತೊಡೆಯ ಮೇಲಿಟ್ಟು, ರೇಡಿಯೋ ಕೇಳುತ್ತಲೋ ಸಂಜೆಯ ಜಪಸರ ಹೇಳುತ್ತಲೋ ಬೀಡಿ ಕಟ್ಟಿದ ನಮ್ಮೂರಿನ ತಾಯಂದಿರಿಗೆ ಈ ಸಂಗತಿ ಅಪರಿಚಿತವೆನಿಸದು.

ತಂಬಾಕಿಗೂ ಧರ್ಮಸಭೆಗೂ ಹಳೆಯ ಸಂಬಂಧವಿದೆ. 1492ರ ನವೆಂಬರ್‌ನಲ್ಲಿ ಕೊಲಂಬಸನ ಇಬ್ಬರು ಸಂಗಡಿಗರು ಕ್ಯೂಬಾದ ಮೂಲನಿವಾಸಿಗಳು ಎಲೆಯನ್ನು ಸುರುಟಿ ಹೊಗೆ ಸೇದುವುದನ್ನು ಕಂಡರು. ಇದನ್ನು ವಿವರವಾಗಿ ದಾಖಲಿಸಿದವರು ಡೊಮಿನಿಕನ್ ಗುರು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಹಿಸ್ಪಾನಿಯೋಲಾ ದ್ವೀಪದಲ್ಲಿ ಇದನ್ನು ರೂಢಿಮಾಡಿಕೊಂಡ ಸ್ಪೇನಿನವರನ್ನು, ಇದು ದುಶ್ಚಟವೆಂದು ಗದರಿಸಿದಾಗ, ಬಿಡುವುದು ತಮ್ಮ ಕೈಯಲ್ಲಿಲ್ಲವೆಂದು ಅವರು ಉತ್ತರಿಸಿದರೆಂದೂ ಆ ಗುರುಗಳು ಬರೆದಿದ್ದಾರೆ. ಚಟವೋ ಹವ್ಯಾಸವೋ ಎಂಬ ನಮ್ಮ ಜಗಲಿಯ ಚರ್ಚೆಗೆ ಸುಮಾರು ಐದು ಶತಮಾನಗಳ ಹಿಂದೆಯೇ ಸಾಕ್ಷ್ಯ ದೊರೆತಿತ್ತು! 1642ರಲ್ಲಿ ಜಗದ್ಗುರು ಎಂಟನೆಯ ಅರ್ಬನ್ ಸೆವಿಲ್ ಧರ್ಮಪ್ರಾಂತ್ಯದ ದೇವಾಲಯಗಳೊಳಗೆ ತಂಬಾಕು ಸೇವನೆಯನ್ನು ಬಹಿಷ್ಕಾರದ ಶಿಕ್ಷೆಯೊಡನೆ ನಿಷೇಧಿಸಿದರು. 1725ರಲ್ಲಿ ಜಗದ್ಗುರು ಹದಿಮೂರನೆಯ ಬೆನೆಡಿಕ್ಟ್ ಇಂಥ ನಿರ್ಬಂಧವನ್ನು ಸಡಿಲಿಸಿದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ತನ್ನ 2290ನೆಯ ಪರಿಚ್ಛೇದದಲ್ಲಿ ಊಟ, ಮದ್ಯ, ತಂಬಾಕು, ಔಷಧಗಳನ್ನು ಒಂದೇ ಸಾಲಿನಲ್ಲಿಟ್ಟು, ಮಿತಸಂಯಮವು ಇವೆಲ್ಲದರ ಅತಿಯನ್ನು ತ್ಯಜಿಸುವಂತೆ ಮಾಡುತ್ತದೆಂದು ಬೋಧಿಸುತ್ತದೆ. ಒಂದು ಸಿಗಾರ್ ಹಚ್ಚಿದವನನ್ನು ಪಾಪಿಯೆಂದು ಕರೆಯುವ ಅಧಿಕಾರ ನಮಗಿಲ್ಲ.

ಆದರೆ ಹವ್ಯಾಸಿಗಳ ಒಂದು ವಾದವನ್ನು ಮಾತ್ರ ನಾವು ಒಪ್ಪಲಾರೆವು. ‘ಹೊಗೆಯನ್ನು ಒಳಗೆಳೆದುಕೊಳ್ಳುವುದಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬುದು ಆ ವಾದ. ಇದು ಎಷ್ಟು ಬಲವಾಗಿ ಬೇರೂರಿದೆಯೆಂದರೆ, 2018ರಿಂದ ವತಿಕಾನಿನಲ್ಲಿ ಸಿಗರೇಟು ಮಾರಾಟ ನಿಲ್ಲಬೇಕೆಂದು ಜಗದ್ಗುರು ಫ್ರಾನ್ಸಿಸ್ 2017ರಲ್ಲಿ ಆದೇಶಿಸಿದಾಗಲೂ, ದೊಡ್ಡ ಸಿಗಾರ್‌ಗಳ ಹೊಗೆಯನ್ನು ಒಳಗೆಳೆಯುವುದಿಲ್ಲವಾದ್ದರಿಂದ ಅವುಗಳ ಮಾರಾಟ ಸದ್ಯಕ್ಕೆ ಮುಂದುವರಿಯುವುದೆಂದು ವತಿಕಾನಿನ ವಕ್ತಾರರು ಅಂದು ತಿಳಿಸಿದ್ದರು. ಜನರ ಆರೋಗ್ಯಕ್ಕಾಗಿ ಆದಾಯವನ್ನೇ ಬಿಟ್ಟುಕೊಟ್ಟ ಆ ನಿರ್ಧಾರ ಅಭಿನಂದನೀಯ. ಆದರೆ ಈ ವಿನಾಯಿತಿಯ ಕಾರಣ ನಮಗೆ ಸರಿಕಾಣದೆಂದು ವಿನಯಪೂರ್ವಕ ಹೇಳುತ್ತೇವೆ.

ಕಾರಣ ಸ್ಪಷ್ಟ. ಸಿಗಾರ್‌ನ ಹೊಗೆ ಕ್ಷಾರಗುಣದ್ದು. ಅದರಲ್ಲಿನ ನಿಕೋಟಿನ್ ಎದೆಗಿಳಿಯದೆಯೂ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಹೊರತಂದ ಗ್ರಂಥವು ಸಿಗಾರ್ ಸೇವನೆಯಿಂದ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳಿಗೆ ಕ್ಯಾನ್ಸರ್ ತಗಲುವುದೆಂದು ಸಾರಿತು. ಅಮೆರಿಕದ ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರ್ಯಾಂಟ್ ಸಿಗಾರ್ ಪ್ರಿಯರು. 1885ರಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್‌ರಿಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿತು. 1939ರಲ್ಲಿ ಕಣ್ಮುಚ್ಚುವ ತನಕ ಮೂವತ್ತಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳನ್ನು ಸಹಿಸಿದರೂ ಅವರಿಂದ ಸಿಗಾರ್ ಬಿಡಲಾಗಲಿಲ್ಲ. ಮನುಷ್ಯನ ಮನಸ್ಸನ್ನು ಅಷ್ಟು ಆಳವಾಗಿ ಶೋಧಿಸಿದ ಪಂಡಿತನಿಗೇ ಹೀಗಾದರೆ ನಮ್ಮಂಥವರ ಪಾಡೇನು?

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ದುಬಾರಿ ಸಿಗಾರ್‌ಗಳ ಕುರಿತೇ ಒಂದು ವರದಿ ನೀಡಿದವು. ಇವನ್ನು ಸೇದುವವರು ಸಾಮಾನ್ಯವಾಗಿ ವಿರಳವಾಗಿ ಸೇದುತ್ತಾರೆ, ಅಪಾಯವು ಎಷ್ಟು ಸಲ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಅವಲಂಬಿಸಿದೆ ಎಂದು ಅದು ತಿಳಿಸುತ್ತದೆ. ವರ್ಷಕ್ಕೊಂದು ಸೇದುವವನನ್ನೂ ದಿನಕ್ಕೆ ಹತ್ತು ಸೇದುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ನೂರು ಬಗೆಗಳನ್ನು ಪರೀಕ್ಷಿಸಿ ಅಂಕ ಕೊಡಬೇಕೆಂದು ಹೊರಟವನಿಗೆ ‘ವಿರಳ’ ಎಂಬುದು ಎಷ್ಟು ದಿನ ವಿರಳವಾಗಿ ಉಳಿದೀತು? ಪುಸ್ತಕ ತುಂಬಿಸುವ ಹಂಬಲವೇ ಮುಂದಿನ ಸಿಗಾರ್ ಹಚ್ಚಿಸುತ್ತದೆ. ನಮ್ಮ ಅಳಿಯನ ನೋಟುಪುಸ್ತಕದ ಮೊದಲ ಪುಟಗಳಲ್ಲಿ ತಿಂಗಳಿಗೊಂದರಂತೆ ಇದ್ದ ದಿನಾಂಕಗಳು ಕೊನೆಯ ಪುಟಗಳಲ್ಲಿ ವಾರಕ್ಕೆ ಮೂರಾಗಿದ್ದುದನ್ನು ನಾವು ಕಂಡೆವು. ಅವನ ಗಮನಕ್ಕೆ ಅದು ಬಂದಿರಲಿಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ನಮ್ಮಲ್ಲಿ ಕೂಲಿಯವನು ದೇವಾಲಯದ ಅಂಗಳದ ಹೊರಗೆ ನಿಂತು ಬೀಡಿ ಹಚ್ಚಿದರೆ ಮೂಗು ಮುರಿಯುತ್ತೇವೆ. ಅದೇ ಸಸ್ಯದ ಎಲೆಯನ್ನು ದುಬಾರಿ ಪೆಟ್ಟಿಗೆಯಲ್ಲಿಟ್ಟು ತಂದರೆ ‘ರಸಿಕತೆ’ ಎನ್ನುತ್ತೇವೆ. ಬೀಡಿ ಕಟ್ಟಿ ಮನೆ ನಡೆಸಿದ ತಾಯಂದಿರ ಹೆಸರನ್ನು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳು, ಹವಾನಾದ ಕೆಲಸಗಾರನ ಬೆರಳುಗಳ ಚಳಕವನ್ನು ಕೊಂಡಾಡುತ್ತಾರೆ. ತಂಬಾಕಿನ ಧೂಳು ಎರಡು ಕಡೆಯ ಕೈಗಳಿಗೂ ಅಂಟುತ್ತದೆ, ಕೆಮ್ಮು ಎರಡು ಕಡೆಯೂ ಒಂದೇ. ಬೀಡಿಗೊಂದು ಅಳತೆ, ಸಿಗಾರ್‌ಗೊಂದು ಅಳತೆ ಇಟ್ಟುಕೊಂಡಿರುವ ತನಕ ನಮ್ಮ ನೀತಿಬೋಧೆಗೆ ಮಕ್ಕಳ ಮುಂದೆ ಬೆಲೆಯಿರದು.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು. ಪ್ರಾಯಕ್ಕೆ ಬಂದವನು ತಿಳಿದೂ ತಿಳಿದು ಅಪರೂಪಕ್ಕೆ ಹಚ್ಚಿದರೆ ಅದು ಅವನ ಅಂತಃಸಾಕ್ಷಿಗೆ ಬಿಟ್ಟ ವಿಷಯ. ಆದರೆ ಅದನ್ನು ಹವ್ಯಾಸವೆಂದು ಹೆಸರಿಸಿ ಎಳೆಯರಿಗೆ ಹಂಚುವುದು ಸಲ್ಲದು. ಜ್ಞಾನಸ್ನಾನ, ಮದುವೆಗಳ ಔತಣದಲ್ಲಿ ಸಿಗಾರ್ ಹಂಚುವ ಹೊಸ ರೂಢಿ ನಮ್ಮ ಮನೆಗಳಲ್ಲಿ ಬೇರೂರುವ ಮುನ್ನವೇ ನಿಲ್ಲಲಿ. ಹಸುಳೆಯಿರುವ ಮನೆಯಲ್ಲಿ ಒಂದು ಗಂಟೆ ಉರಿಯುವ ಹೊಗೆಗೆ ಎಡೆಯಿರಬಾರದು. ರುಚಿಯನ್ನು ಗುರುತಿಸಿ ಹೆಸರಿಸುವ ಸಾಮರ್ಥ್ಯ ದೇವರ ವರ. ಅದಕ್ಕೆ ನಮ್ಮ ನಾಡಿನಲ್ಲೇ ಬಗೆಬಗೆಯ ಕಾಫಿ, ಜೇನು, ಮಾವುಗಳಿವೆ. ಅವುಗಳಿಗೂ ಒಂದು ನೋಟುಪುಸ್ತಕ ಬೇಕು.

ಕೊಲ್ಲಿಗೆ ಮರಳುವ ಮುನ್ನ ಅಳಿಯ ಅಜ್ಜಿಯ ಬಳಿ ಕುಳಿತು, ಅವರ ಕಾಲದಲ್ಲಿ ಸಾವಿರ ಬೀಡಿಗೆ ಎಷ್ಟು ಸಿಗುತ್ತಿತ್ತೆಂದು ಕೇಳಿ ಬರೆದುಕೊಂಡನಂತೆ. ಪೆಟ್ಟಿಗೆಯನ್ನು ಬಿಟ್ಟನೋ ಇಲ್ಲವೋ ನಾವು ಕೇಳಲಿಲ್ಲ. ಅವನು ಅದನ್ನು ಕೇಳಿ ಬರೆದುಕೊಂಡದ್ದು ನಮಗೆ ಸಮಾಧಾನ ತಂದಿತು.